ಮೈಕಮ್ಮ ತೋರಿಸಿದ ಕ್ರಿಸ್ಮಸ್ ಸಿನಿಮಾಗಳು

ಬಸ್ ನಿಲ್ದಾಣದಲ್ಲಿ ಹದಿನಾಲ್ಕು ವರ್ಷದಿಂದ ಒಂದೇ ದನಿ ಕೇಳಿಬರುತ್ತಿತ್ತು. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ, ಎಷ್ಟು ನಿಮಿಷ ತಡ, ಯಾರ ಕೊಡೆ ಯಾವ ಬೆಂಚಿನ ಮೇಲೆ ಉಳಿದುಹೋಗಿದೆ, ಎಲ್ಲವನ್ನೂ ಆ ದನಿ ಒಂದು ಸಲ ಹೇಳಿ, ಮತ್ತೊಂದು ಸಲ ಹೇಳಿ, ಟಕ್ಕೆಂದು ನಿಂತುಬಿಡುತ್ತಿತ್ತು. ದನಿಯ ಒಡತಿ ಕೂರುತ್ತಿದ್ದುದು ಮೊದಲ ಮಹಡಿಯ ಗಾಜಿನ ಗೂಡಿನಲ್ಲಿ. ಅವಳ ಮುಂದೆ ಒಂದು ಮೈಕು, ಅದರ ಬುಡದಲ್ಲೊಂದು ಕೆಂಪು ಗುಂಡಿ, ವೇಳಾಪಟ್ಟಿಯ ದಪ್ಪ ಕಡತ, ಗಂಟಲಿಗೆಂದು ಬಿಸಿನೀರಿನ ಫ್ಲಾಸ್ಕು. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಊರಲ್ಲೇ ಇರಲಿಲ್ಲ. ತರಕಾರಿ ಅಂಗಡಿಯಲ್ಲಿ ಅವಳು “ಅರ್ಧ ಕೆಜಿ ಕ್ಯಾರೆಟ್” ಎಂದರೆ ಸಾಕು, ಪಕ್ಕದಲ್ಲಿದ್ದವರು ತಮಗೆ ಗೊತ್ತಿಲ್ಲದಂತೆ ಚೀಲ ಎತ್ತಿಕೊಂಡು ಹೊರಡಲು ಅಣಿಯಾಗುತ್ತಿದ್ದರು. ಜನ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದರಲ್ಲಿ ಬೇಜಾರೇನೂ ಇರಲಿಲ್ಲ.

ಮನೆಯಲ್ಲಿ ಮಾತ್ರ ಅವಳಿಗಿಂತ ದೊಡ್ಡ ದನಿ ಅವಳ ಅತ್ತೆಯದು. ಅತ್ತೆ ಮೂವತ್ತೊಂದು ವರ್ಷ ಒಂದು ಚಿತ್ರಮಂದಿರದಲ್ಲಿ ದುಡಿದವರು. ಸಿನಿಮಾ ಶುರುವಾದ ಮೇಲೆ ಬಂದವರನ್ನು ಕತ್ತಲಲ್ಲಿ ಟಾರ್ಚು ಹಿಡಿದು ಸೀಟಿಗೆ ಮುಟ್ಟಿಸುವುದು, ಮುಂದಿನ ಸಾಲಿನ ಕುರ್ಚಿಗೆ ಕಾಲು ಕೊಟ್ಟವರ ಕಾಲು ಇಳಿಸುವುದು, ಕೊನೆಯ ದೃಶ್ಯ ಮುಗಿಯುವ ಮೊದಲೇ ಹೋಗಿ ಬಾಗಿಲುಗಳನ್ನು ತೆರೆದಿಡುವುದು ಅವರ ಕೆಲಸವಾಗಿತ್ತು. ಟಾರ್ಚಮ್ಮ ಎಂಬ ಹೆಸರು ನಿವೃತ್ತಿಯಾದ ಮೇಲೂ ಉಳಿಯಿತು, ಬಾಗಿಲಿನ ಅಭ್ಯಾಸವೂ ಉಳಿಯಿತು. ಮನೆಯಲ್ಲಿ ಟಿವಿ ನೋಡುತ್ತಿದ್ದರೂ ಅಷ್ಟೇ, ಸಿನಿಮಾ ಮುಗಿಯಲು ಅರ್ಧ ನಿಮಿಷ ಇದೆ ಎನ್ನುವಾಗ ಎದ್ದು ಹೋಗಿ ಮುಂಬಾಗಿಲು ತೆಗೆದು ಪಕ್ಕಕ್ಕೆ ನಿಂತುಬಿಡುತ್ತಿದ್ದರು.

“ಈಗ ಯಾರು ಹೊರಗೆ ಹೋಗ್ಬೇಕಮ್ಮಾ?” ಎಂದು ಮಗ ಕೇಳಿದರೆ, “ಕಾಲು ತಾನಾಗೇ ಹೋಗುತ್ತೆ ಕಣೋ, ಅದಕ್ಕೆ ನಾನೇನು ಮಾಡ್ಲಿ” ಎನ್ನುತ್ತಿದ್ದರು.

ಈ ಮಗ, ಅಂದರೆ ಮೈಕಮ್ಮನ ಗಂಡ, ಫ್ರಿಜ್ ರಿಪೇರಿ ಮಾಡುವವನು. ಇವರಿಬ್ಬರಿಗೆ ಒಂಬತ್ತು ವರ್ಷದ ಮಗಳು, ಪುಟ್ಟಿ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ನಾಲ್ಕು ಭಾನುವಾರವೂ ಊಟವಾದ ಮೇಲೆ ಕ್ರಿಸ್ಮಸ್ ಸಿನಿಮಾ. ವಾರಕ್ಕೊಬ್ಬರ ಆಯ್ಕೆ. ಗಂಡನದು ಪ್ರತಿವರ್ಷವೂ ಹೆಬ್ಬಾತಿನ ಸಿನಿಮಾ. ಹಬ್ಬದ ಊಟಕ್ಕೆಂದು ತಂದ ಹೆಬ್ಬಾತು ಪೆಟ್ಟಿಗೆಯಿಂದ ತಪ್ಪಿಸಿಕೊಂಡು, ಮನೆಮಂದಿಯನ್ನೆಲ್ಲ ಅಟ್ಟಾಡಿಸಿ, ಕೊನೆಗೆ ಮನೆಯ ಯಜಮಾನನ ಕುರ್ಚಿಯ ಮೇಲೆ ತಾನೇ ಕೂತುಬಿಡುತ್ತದೆ. ಪುಟ್ಟಿಯದು ದಾರಿ ತಪ್ಪಿದ ಕುರಿಮರಿಯೊಂದು ನಕ್ಷತ್ರದ ಬೆನ್ನುಹತ್ತಿ ಹೋಗುವ ಕಾರ್ಟೂನು. ಅತ್ತೆಯದು ಹಿಮದಲ್ಲಿ ಸಿಕ್ಕಿಕೊಂಡ ರೈಲಿನ ಹಳೆಯ ಕಪ್ಪು-ಬಿಳುಪು ಸಿನಿಮಾ. ಮೈಕಮ್ಮನಿಗೆ ಇಂಥದ್ದೇ ಅಂತ ಇರಲಿಲ್ಲ. ತನ್ನ ಭಾನುವಾರವನ್ನು ಅವಳು ಮೂವರಲ್ಲಿ ಯಾರು ಹೆಚ್ಚು ಗಲಾಟೆ ಮಾಡುತ್ತಾರೋ ಅವರಿಗೆ ಬಿಟ್ಟುಕೊಡುತ್ತಿದ್ದಳು.

ಆ ವರ್ಷ ಅತ್ತೆಯ ಕಣ್ಣು ಹೋಯಿತು. ಒಮ್ಮೆಗೇ ಅಲ್ಲ. ಮೊದಲು ಸೂಜಿಯ ತೂತು, ಆಮೇಲೆ ಬಸ್ಸಿನ ನಂಬರು, ಆಮೇಲೆ ಎದುರಿಗೆ ಕೂತವರ ಮುಖ. ಚಳಿಗಾಲ ಶುರುವಾಗುವ ಹೊತ್ತಿಗೆ ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿತ್ತು. ಅತ್ತೆ ಅಳಲಿಲ್ಲ. ಕಪಾಟಿನಲ್ಲಿ ಯಾವ ಡಬ್ಬಿ ಎಲ್ಲಿರಬೇಕೆಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿ, ಸಕ್ಕರೆ ಡಬ್ಬಿಯನ್ನು ಎರಡು ಬೆರಳು ಆಚೆಗಿಟ್ಟ ಮಗನಿಗೆ ಚೆನ್ನಾಗಿ ಬೈದರು.

ಡಿಸೆಂಬರ್ ಬಂದಾಗ ಗಂಡ ಅಡುಗೆಮನೆಯಲ್ಲಿ ಪಿಸುಗುಟ್ಟಿದ. “ಈ ಸಲ ಸಿನಿಮಾ ಬೇಡ ಬಿಡು. ಅಮ್ಮನಿಗೆ ಸುಮ್ನೆ ಸಂಕಟ. ಹಾಡು ಗೀಡು ಹಾಕಿದ್ರಾಯ್ತು.”

ಕಣ್ಣು ಹೋದಷ್ಟೂ ಅತ್ತೆಯ ಕಿವಿ ಚುರುಕಾಗಿತ್ತು. ಒಳಗಿನ ಕೋಣೆಯಿಂದಲೇ ಉತ್ತರ ಬಂತು. “ಕಣ್ಣು ಹೋಗಿರೋದು ನಂಗೆ. ನಿಮಗೇನಾಗಿದೆ? ನೋಡಿ ಹೇಳೋಕೆ ಮೂರು ಜನ ಇದ್ದೀರಿ, ಒಬ್ಬರಿಗಾದ್ರೂ ಬಾಯಿ ಇಲ್ವಾ?”

ಹೀಗಾಗಿ ಮೊದಲ ಭಾನುವಾರ ಹೆಬ್ಬಾತಿನ ಸಿನಿಮಾ ಹಾಕಿದರು. ಸೋಫಾದ ನಡುವೆ ಅತ್ತೆ, ಮಡಿಲಲ್ಲಿ ಬಿಸ್ಕತ್ತಿನ ತಟ್ಟೆ. ಸಿನಿಮಾ ಹೇಳುವ ಜವಾಬ್ದಾರಿ ಗಂಡನದು. ಆದರೆ ಅವನು ಪ್ರತಿ ತಮಾಷೆಗೂ ಅದು ಬರುವ ಮೊದಲೇ ನಗಲು ಶುರುಮಾಡಿ, “ಈಗ ನೋಡಮ್ಮ, ಈಗ...” ಎನ್ನುತ್ತಾ ಹೊಟ್ಟೆ ಹಿಡಿದುಕೊಂಡು ಬಗ್ಗುತ್ತಿದ್ದ. ಏನಾಯಿತೆಂದು ಅತ್ತೆಗೆ ತಿಳಿಯುತ್ತಲೇ ಇರಲಿಲ್ಲ. ಹತ್ತು ನಿಮಿಷಕ್ಕೆ ಅವನನ್ನು ಇಳಿಸಿ ಪುಟ್ಟಿಯನ್ನು ಹತ್ತಿಸಿದರು. ಅವಳು ಪರದೆಯ ಮೇಲಿದ್ದುದನ್ನೆಲ್ಲ ಒಂದೇ ಉಸಿರಿಗೆ ಹೇಳಲು ಹೊರಟಳು. “ಮೇಜಿದೆ ಅಜ್ಜಿ, ಮೇಜಿನ ಮೇಲೆ ಬಟ್ಟೆ, ಬಟ್ಟೆ ಮೇಲೆ ಚೌಕ, ಚೌಕದಲ್ಲಿ ಇನ್ನೊಂದು ಚೌಕ...” ಅಷ್ಟರಲ್ಲಿ ಹೆಬ್ಬಾತು ಬಂದು ಹೋಗಿಯೇ ಬಿಟ್ಟಿತ್ತು.

“ನೀನು ಹೇಳೇ” ಎಂದರು ಅತ್ತೆ, ಸೊಸೆಯ ಕಡೆ ತಿರುಗಿ. “ದಿನಾ ಅದೇ ತಾನೇ ನಿನ್ನ ಕೆಲಸ.”

ಮೈಕಮ್ಮ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. “ಒಬ್ಬ ಗಂಡಸು ಎಡಗಡೆಯಿಂದ ಬಂದ. ಹೆಬ್ಬಾತು ಬಲಗಡೆಯಿಂದ ಬಂತು. ಗಂಡಸು ಬಿದ್ದ. ಹೆಬ್ಬಾತು ಹೊರಟಿತು.”

ಅತ್ತೆ ಬಾಯಿಗೆ ಹಾಕಿಕೊಂಡಿದ್ದ ಬಿಸ್ಕತ್ತು ಉದುರುವಂತೆ ನಕ್ಕರು. “ಇದೇನೇ, ಎರಡನೇ ಅಂಕಣದಿಂದ ಹೆಬ್ಬಾತು ಹೊರಟಿದೆ ಅನ್ನೋ ಹಾಗಿದೆ. ಅದು ಹೇಗೆ ಹೊರಟಿತು ಅಂತ ಹೇಳು. ಓಡಿತಾ, ಕುಣಿದ್ಕೊಂಡು ಹೋಯ್ತಾ, ಇಲ್ಲಾ ಮದುವೆ ಮನೆಯಲ್ಲಿ ಮುನಿಸಿಕೊಂಡ ನಾದಿನಿ ಥರ ಹೋಯ್ತಾ?”

ಮೈಕಮ್ಮ ಪರದೆಯನ್ನು ಮತ್ತೊಮ್ಮೆ ನೋಡಿದಳು. “ಮುನಿಸಿಕೊಂಡ ನಾದಿನಿ ಥರಾನೇ” ಎಂದಳು, ತಾನೂ ನಗುತ್ತಾ.

ಸಿನಿಮಾ ಮುಗಿದ ಮೇಲೆ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. “ಟಾರ್ಚ್ ಹಿಡಿಯೋದು ಸುಲಭ ಅಂದ್ಕೊಂಡಿದ್ದೀಯಾ? ಜನರ ಮುಖಕ್ಕೆ ಹಿಡಿದ್ರೆ ಕಣ್ಣು ಕುಕ್ಕುತ್ತೆ. ಗೋಡೆ ಪೂರ್ತಿ ಬೆಳಗಿದ್ರೆ ಸಿನಿಮಾ ನೋಡ್ತಾ ಇರೋರು ಬೈತಾರೆ. ಅವರ ಕಾಲಿನ ಮುಂದೆ ಹಿಡೀಬೇಕು, ಒಂದು ಹೆಜ್ಜೆಗೆ ಸಾಕಾಗೋಷ್ಟು. ಮುಂದಿನ ಹೆಜ್ಜೆ ಬಂದಾಗ ಮುಂದಿನ ಬೆಳಕು. ಪರದೆ ಮೇಲಿನೋರು ಮಾತಾಡುವಾಗ ನೀನು ಬಾಯಿಗೆ ಬೀಗ ಹಾಕು. ಅವರು ಸುಮ್ಮನಾದಾಗ ಒಂದೇ ಒಂದು ಮಾತು ಹೇಳು, ಆದ್ರೆ ಬೇಕಾಗಿರೋ ಮಾತು.”

ಮೈಕಮ್ಮ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನದವಳಲ್ಲ. ಮರುದಿನದಿಂದ ಗಾಜಿನ ಗೂಡಿನಲ್ಲೇ ಅಭ್ಯಾಸ ಶುರುವಾಯಿತು. ಎರಡು ಬಸ್ಸುಗಳ ನಡುವೆ ಬಿಡುವು ಸಿಕ್ಕಾಗ ಕೆಳಗಿನ ಜನರನ್ನು ನೋಡುತ್ತಾ, ಕಂಡದ್ದನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಮೂರು ದಿನ ಸುಸೂತ್ರವಾಗಿ ನಡೆಯಿತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಕೆಂಪು ಗುಂಡಿ ಒತ್ತಿದ್ದು ಹಾಗೇ ಉಳಿದಿದ್ದನ್ನು ಅವಳು ಗಮನಿಸಲಿಲ್ಲ.

ನಿಲ್ದಾಣದ ಎಂಟೂ ಧ್ವನಿವರ್ಧಕಗಳಿಂದ ಹೀಗೆ ಕೇಳಿಬಂತು. “ನಾಲ್ಕನೇ ಅಂಕಣದಲ್ಲಿ ಹಸಿರು ಸ್ವೆಟರಿನ ಗಂಡಸು. ಮೂರನೇ ಸಲ ತಲೆ ಬಾಚಿಕೊಳ್ತಿದ್ದಾನೆ. ತಲೇಲಿ ಬಾಚೋವಷ್ಟು ಕೂದಲೂ ಇಲ್ಲ. ಕೈಯಲ್ಲಿ ಹಳದಿ ಹೂವು. ಯಾರಾದ್ರೂ ನೋಡಿದ್ರೆ ಬೆನ್ನ ಹಿಂದೆ ಬಚ್ಚಿಡ್ತಾನೆ. ಈಗ ಗಾಜಿನಲ್ಲಿ ತನ್ನ ಹಲ್ಲು ನೋಡ್ಕೊಳ್ತಿದ್ದಾನೆ.”

ಇಡೀ ನಿಲ್ದಾಣ ನಾಲ್ಕನೇ ಅಂಕಣದ ಕಡೆ ತಿರುಗಿತು. ಹಸಿರು ಸ್ವೆಟರಿನವನು ಹೂವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ಕಂಬದ ಸುತ್ತ ಒಂದು ಸುತ್ತು ಹಾಕಿದ. ಜನ ತನ್ನನ್ನೇ ನೋಡುವಾಗ ಅವನು ತಲೆಯೆತ್ತಿ ಧ್ವನಿವರ್ಧಕದತ್ತ ನೋಡಿದ. ಅವನ ಕಣ್ಣು ಎತ್ತ ಹೋಯಿತೆಂದು ನೋಡಿದ ಮೈಕಮ್ಮ ಗುಂಡಿಯನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಅದೇ ಹೊತ್ತಿಗೆ ಬಸ್ಸು ಬಂತು. ಬಸ್ಸಿನಿಂದಿಳಿದ ನಡುವಯಸ್ಸಿನ ಹೆಂಗಸು ಎರಡು ಹೆಜ್ಜೆ ಇಡುವಷ್ಟರಲ್ಲಿ ಸುತ್ತಲಿನವರೆಲ್ಲ ಅವಳಿಗೆ ದಾರಿ ಬಿಟ್ಟು, ಕಂಬದತ್ತ ಬೆರಳು ತೋರಿಸಿದರು. ಅವಳು ಹೂವು ಇಸಿದುಕೊಂಡು ನಗುತ್ತಾ ಹೊರಟಳು. ಅವನು ಮಾತ್ರ ಹೊರಬಾಗಿಲು ದಾಟುವವರೆಗೂ ಕಿವಿಯ ತುದಿ ಕೆಂಪಗೆ ಮಾಡಿಕೊಂಡೇ ನಡೆದ.

ನಿಲ್ದಾಣದ ಮೇಲ್ವಿಚಾರಕರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. “ಇದು ಬಸ್ ಸ್ಟ್ಯಾಂಡು ಮೇಡಂ, ರೇಡಿಯೋ ನಾಟಕ ಅಲ್ಲ.”

ಮೈಕಮ್ಮ ಎದ್ದು ನಿಂತು, ಮುಚ್ಚುಮರೆಯಿಲ್ಲದೆ ಅತ್ತೆಯ ವಿಷಯ ಹೇಳಿದಳು. ಮೇಲ್ವಿಚಾರಕರು ಕೇಳುತ್ತಾ ಕೇಳುತ್ತಾ ಕುರ್ಚಿ ಎಳೆದುಕೊಂಡರು. ಹೋಗುವಾಗ, ಇನ್ನೊಮ್ಮೆ ಹೀಗಾದರೆ ಮೇಲಿನವರಿಗೆ ಬರೆಯಬೇಕಾಗುತ್ತದೆಂದು ಗದರಿದರು. ಬಾಗಿಲ ಬಳಿ ನಿಂತು, “ಬಾಚೋವಷ್ಟು ಕೂದಲಿಲ್ಲ ಅಂದಿದ್ದು ನನಗೇ ಅಂದ್ಕೊಂಡೆ” ಎಂದು ತಲೆ ಸವರಿಕೊಂಡು ಇಳಿದುಹೋದರು.

ಅತ್ತೆಗೆ ಈ ಸುದ್ದಿ ತಲುಪಲು ಸಂಜೆಯಾಗಬೇಕಿರಲಿಲ್ಲ. ಹಾಲಿನ ಅಂಗಡಿಯವಳು ಮಧ್ಯಾಹ್ನವೇ ಬಂದು ವರದಿ ಒಪ್ಪಿಸಿದ್ದಳು. “ಹಲ್ಲು ನೋಡ್ಕೊಂಡಿದ್ದು ಹೇಳಿದ್ಯಲ್ಲ, ಅದು ಚೆನ್ನಾಗಿತ್ತು” ಎಂದರು ಅತ್ತೆ. “ಈಗ ನೀನು ದಾರಿಗೆ ಬಂದೆ.”

ಎರಡನೇ ಭಾನುವಾರದ ಕುರಿಮರಿ ಸಿನಿಮಾ ಎಲ್ಲರ ಪಾಲಿಗೂ ಚೆನ್ನಾಗಿ ಸಾಗಿತು. ಗಂಡ ಎಂದಿನಂತೆ ಅರ್ಧ ದಾರಿಯಲ್ಲೇ ನಿದ್ದೆ ಹೋದ. ಪುಟ್ಟಿ ನಡುನಡುವೆ, “ಅಮ್ಮ, ಅದರ ಬಾಲ ಹೇಳು” ಎಂದು ನೆನಪಿಸುತ್ತಿದ್ದಳು. ಕುರಿಮರಿ ಹಳ್ಳದ ಅಂಚಿನಲ್ಲಿ ಜಾರಿದಾಗ ಅತ್ತೆ ಪಕ್ಕದವರ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆ ಕೈ ನಿದ್ದೆ ಮಾಡುತ್ತಿದ್ದ ಮಗನದು. ಅವನು ಬೆಚ್ಚಿಬಿದ್ದು, “ಕಂಪ್ರೆಸರ್ ಹೋಗಿದೆ” ಎಂದುಬಿಟ್ಟ.

ಮೂರನೇ ಭಾನುವಾರ ಅತ್ತೆಯ ಸರದಿ. ಅದಕ್ಕೆ ಎರಡು ದಿನ ಮೊದಲು ಕಣ್ಣಿನ ಡಾಕ್ಟರು, ಕಿಟಕಿಯ ಬೆಳಕು ಕೂಡ ಹೆಚ್ಚು ದಿನ ಇರಲಾರದೆಂದು ಹೇಳಿದ್ದರು. ಅತ್ತೆ ಮನೆಗೆ ಬಂದು ಯಾವ ಡಬ್ಬಿಯನ್ನೂ ಮುಟ್ಟಲಿಲ್ಲ. ಅವರು ಯಾರನ್ನೂ ಬೈಯದ್ದನ್ನು ಮೈಕಮ್ಮ ಗಮನಿಸಿದಳು.

ಅವಳು ಶನಿವಾರ ಬೆಳಿಗ್ಗೆ ಒಬ್ಬಳೇ ಕೂತು, ನೋಟುಬುಕ್ಕು ಹಿಡಿದು ಆ ರೈಲಿನ ಸಿನಿಮಾವನ್ನು ಎರಡು ಸಲ ನೋಡಿದಳು. ಕ್ರಿಸ್ಮಸ್ಸಿನ ಹಿಂದಿನ ದಿನ, ಒಂದು ಪುಟ್ಟ ನಿಲ್ದಾಣದಲ್ಲಿ ಹಿಮ ಬಿದ್ದು ರೈಲು ನಿಂತುಹೋಗುತ್ತದೆ. ಪ್ರಯಾಣಿಕರು ಇಳಿದು ಬರುತ್ತಾರೆ, ಒಲೆ ಹೊತ್ತಿಸುತ್ತಾರೆ, ಇದ್ದ ಬ್ರೆಡ್ಡು ಹಂಚಿಕೊಳ್ಳುತ್ತಾರೆ, ಹಾಡುತ್ತಾರೆ. ಅವರಲ್ಲೊಬ್ಬಳು ಸ್ಟೇಷನ್ ಮಾಸ್ಟರನ ತಂಗಿ. ಅಣ್ಣ ತಂಗಿ ಮಾತು ಬಿಟ್ಟು ಹದಿನೆಂಟು ವರ್ಷವಾಗಿದೆ. ಸಿನಿಮಾದ ಕೊನೆಯ ನಾಲ್ಕು ನಿಮಿಷದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹಳಿಯ ಮೇಲಿನ ಹಿಮ ಸರಿಸಿಯಾಗಿದೆ. ಪ್ಲಾಟ್‌ಫಾರಂ ಮೇಲೆ ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ಅಣ್ಣ ಲಾಂದ್ರ ಎತ್ತಿ ಅವಳ ಮುಖ ನೋಡುತ್ತಾನೆ. ಅವಳು ಒಂದು ಕೈಗವಸು ಬಿಚ್ಚುತ್ತಾಳೆ. ಅಷ್ಟರಲ್ಲಿ ಶಿಳ್ಳೆಯಾಗುತ್ತದೆ, ಅವಳು ಓಡಿ ರೈಲು ಹತ್ತುತ್ತಾಳೆ. ಕೈಗವಸು ಹಿಮದ ಮೇಲೆ ಬೀಳುತ್ತದೆ.

ಭಾನುವಾರ ಆ ನಾಲ್ಕು ನಿಮಿಷ ಬಂದಾಗ ಮೈಕಮ್ಮ ಅತ್ತೆಯ ಮುಖ ನೋಡಿದಳು. ಎರಡು ದಿನದಿಂದ ನಗದ ಮುಖ. ಅವಳ ಬಾಯಿಗೆ ಸತ್ಯ ಬರಲಿಲ್ಲ.

“ಅಣ್ಣ ಲಾಂದ್ರ ಕೆಳಗಿಟ್ಟ” ಎಂದಳು. “ಎರಡೂ ಕೈ ಚಾಚಿದ. ತಂಗಿ ಓಡಿ ಬಂದು ಅವನನ್ನ ತಬ್ಬಿಕೊಂಡಳು.”

ಪುಟ್ಟಿ ಬಾಯಿ ತೆರೆದಳು. ಗಂಡ ಅವಳ ಮೊಣಕಾಲು ತಟ್ಟಿ ಸುಮ್ಮನಿರಿಸಿದ. ರೈಲು ಹೊರಟ ಸದ್ದು ಬಂತು, ಸಂಗೀತ ಬಂತು, ಸಿನಿಮಾ ಮುಗಿಯಿತು. ಅತ್ತೆ ಕೂತಲ್ಲಿಂದ ಏಳಲೇ ಇಲ್ಲ.

“ಕೈಗವಸು ಎಲ್ಲಿ ಹೋಯ್ತು?” ಎಂದರು.

ಪುಟ್ಟಿ ಅಮ್ಮನ ಮುಖ ನೋಡಿದಳು.

“ಇದೊಂದೇ ಸಿನಿಮಾನ ನಾನು ನಮ್ಮ ಥಿಯೇಟರಲ್ಲಿ ನೂರ ಎಂಬತ್ತು ಸಲ ನೋಡಿದ್ದೀನಿ. ಅವರಿಬ್ಬರು ಒಂದು ಸಲವೂ ತಬ್ಬಿಕೊಂಡಿಲ್ಲ. ಇವತ್ತು ನಿನ್ನ ಮಾತು ಕೇಳಿ ತಬ್ಬಿಕೊಂಡ್ರಾ?”

“ನಿಮಗೆ ಬೇಜಾರಾಗಬಾರದು ಅಂತ...”

“ಬೇಜಾರು ನಂದು. ಅದನ್ನ ನಾನು ನೋಡ್ಕೊಳ್ತೀನಿ.” ಅತ್ತೆಯ ದನಿ ಏರಲಿಲ್ಲ, ಅದೇ ಮೈಕಮ್ಮನಿಗೆ ಹೆಚ್ಚು ನಾಟಿತು. “ನೋಡು, ಬೀದಿ ದಾಟುವಾಗ ನೀನು ಬಾ ಅಂದ್ರೆ ಬರ್ತೀನಿ, ನಿಲ್ಲು ಅಂದ್ರೆ ನಿಲ್ತೀನಿ. ನಿನ್ನ ಮಾತೇ ನಂಗೆ ಕಣ್ಣು. ನನ್ನ ಖುಷಿಗೆ ಅಂತ ನೀನು ಒಂದು ಸುಳ್ಳು ಹೇಳಿದ್ರೂ, ನಾಳೆ ನೀನು ಮೆಟ್ಟಿಲು ಮುಗೀತು ಅಂದಾಗ ನಾನು ಕಾಲು ಊರಿ ನೋಡ್ಬೇಕಾಗುತ್ತೆ.”

“ತಪ್ಪಾಯ್ತು ಅತ್ತೆ” ಎಂದಳು ಮೈಕಮ್ಮ.

“ಆಗ್ಲಿ. ಹಿಂದಕ್ಕೆ ಓಡಿಸು. ಸರಿಯಾಗಿ ಹೇಳು.”

ಅವಳು ಸಿನಿಮಾವನ್ನು ನಾಲ್ಕು ನಿಮಿಷ ಹಿಂದಕ್ಕೆ ಓಡಿಸಿದಳು. ಈ ಸಲ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಲಾಂದ್ರ ಎತ್ತಿದ್ದು, ಆ ಬೆಳಕಿಗೆ ತಂಗಿ ಕಣ್ಣು ಕಿರಿದು ಮಾಡಿದ್ದು, ಒಂದೊಂದೇ ಬೆರಳು ಎಳೆದು ಕೈಗವಸು ಬಿಚ್ಚಿದ್ದು. ಅಣ್ಣನ ಕೈ ಕೋಟಿನ ಜೇಬಿನಿಂದ ಅರ್ಧ ಹೊರಗೆ ಬಂದು ಅಲ್ಲೇ ನಿಂತಿದ್ದು. ಶಿಳ್ಳೆ. ಓಟ. ಹಿಮದ ಮೇಲೆ ಕೈಗವಸು, ಬೆರಳುಗಳು ಇನ್ನೂ ಉಬ್ಬಿಕೊಂಡೇ ಇವೆ. ಅಣ್ಣ ಬಗ್ಗಿ ಎತ್ತಿಕೊಳ್ಳುತ್ತಾನೆ.

ಅಲ್ಲಿಗೆ ಅತ್ತೆ ಸೋಫಾದ ಕೈ ಹಿಡಿದು ಏಳತೊಡಗಿದರು.

“ಕೂತ್ಕೊಳ್ಳಿ ಅತ್ತೆ. ಇನ್ನೂ ಅರ್ಧ ನಿಮಿಷ ಇದೆ.”

“ಅಲ್ಲೇನಿದೆ? ಅವನು ಏನೋ ಗುಡಿಸ್ತಾನೆ, ಮುಗೀತು. ಗುಡಿಸೋ ಸದ್ದು ಬಾಗಿಲ ಹತ್ತಿರ ನಿಂತು ಕೇಳಿದ್ದೀನಿ.”

“ಕೂತ್ಕೊಳ್ಳಿ.”

ಅತ್ತೆ ಕೂತರು. ಮೈಕಮ್ಮ ಹೇಳಿದಳು. “ಕೈಗವಸನ್ನ ಒಳಜೇಬಿಗೆ ಹಾಕ್ಕೊಂಡ. ಪೊರಕೆ ತಗೊಂಡ. ಹಳಿ ದಾಟಿ ಆ ಕಡೆ ಹೋದ. ಅಲ್ಲಿ ಒಂದು ಬೆಂಚು, ಪೂರ್ತಿ ಹಿಮ. ಅದನ್ನ ಗುಡಿಸ್ತಿದ್ದಾನೆ. ಈಗ ಪೊರಕೆ ಬಿಟ್ಟು, ತೋಳಿನಿಂದ ಒರೆಸ್ತಿದ್ದಾನೆ.”

“ಯಾವ ಕಡೆ ಅಂದೆ?”

“ಎದುರುಗಡೆ. ಎರಡನೇ ಪ್ಲಾಟ್‌ಫಾರಂ.”

“ರೈಲು ಹೋಗಿದ್ದು ಒಂದನೇದರಿಂದ ಅಲ್ವಾ? ಖಾಲಿ ಪ್ಲಾಟ್‌ಫಾರಂ ಯಾಕೆ ಗುಡಿಸ್ತಾನೆ?”

ಮೈಕಮ್ಮ ಹದಿನಾಲ್ಕು ವರ್ಷದಿಂದ ಬರುವ ಹೋಗುವ ಗಾಡಿಗಳನ್ನು ಅವುಗಳ ಜಾಗಕ್ಕೆ ಹಚ್ಚುತ್ತಿದ್ದವಳು. ಶನಿವಾರ ಎರಡು ಸಲ ನೋಡುವಾಗಲೇ ಅವಳ ಕಣ್ಣಿಗೆ ಅದು ಬಿದ್ದಿತ್ತು. ಬೇರೆಯವರಿಗೂ ಗೊತ್ತಿರುತ್ತದೆಂದು ಸುಮ್ಮನಿದ್ದಳು. “ಹೋಗೋ ರೈಲು ಒಂದನೇದಕ್ಕೆ ಬರುತ್ತೆ ಅತ್ತೆ. ವಾಪಸ್ ಬರೋ ರೈಲು ಎರಡನೇದಕ್ಕೆ. ಶುರುವಲ್ಲೇ ಬೋರ್ಡ್ ತೋರಿಸ್ತಾರೆ.”

ಈ ಸಿನಿಮಾವನ್ನು ಹತ್ತು ವರ್ಷದಿಂದ ನೋಡುತ್ತಿದ್ದ ಗಂಡ, “ಹೌದಾ?” ಎಂದು ಟಿವಿಯ ಹತ್ತಿರಕ್ಕೆ ಹೋಗಿ ಬಗ್ಗಿ ನೋಡಿದ. “ಪಾಪ, ಡ್ಯೂಟಿ ಮಾಡ್ತಿದ್ದಾನೆ ಅಂದ್ಕೊಂಡಿದ್ದೆ ನಾನು.”

“ಅಂದ್ರೆ ಅವಳು ಬರ್ತಾಳೆ” ಎಂದಳು ಪುಟ್ಟಿ.

“ಬರ್ತಾಳೆ ಅಂತ ಅವನು ಅಂದ್ಕೊಂಡಿದ್ದಾನೆ” ಎಂದಳು ಮೈಕಮ್ಮ. “ಕಾಣ್ತಿರೋದು ಅಷ್ಟೇ.”

ಅತ್ತೆ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ, ಎರಡೂ ಆಗಿರಬಹುದು. “ನೂರ ಎಂಬತ್ತು ಸಲ” ಎಂದರು. “ನೂರ ಎಂಬತ್ತು ಸಲ ನಾನು ಬೇರೆಯವರಿಗೆ ಬಾಗಿಲು ತೆಗೆಯೋಕೆ ಹೋಗಿದ್ದೀನಿ. ಜನ ಕಣ್ಣು ಒರೆಸಿಕೊಂಡು ಹೊರಗೆ ಬರೋರು, ಕೈಗವಸಿಗೆ ಅಳ್ತಿದ್ದಾರೆ ಅಂದ್ಕೊಂಡಿದ್ದೆ. ಇನ್ನೊಂದು ಸಲ ಹಾಕು.”

ಆ ಮಧ್ಯಾಹ್ನ ಕೊನೆಯ ನಾಲ್ಕು ನಿಮಿಷವನ್ನು ಐದು ಸಲ ಹಾಕಿದರು. ಐದನೇ ಸಲ ಮುಗಿದಾಗ ಅತ್ತೆ ಅಡುಗೆಮನೆಗೆ ಹೋಗಿ, ಚಹದ ಡಬ್ಬಿ ತನ್ನ ಜಾಗದಲ್ಲಿಲ್ಲವೆಂದು ಮಗನಿಗೆ ಬೈದರು. ಮೈಕಮ್ಮನಿಗೆ ಆ ಬೈಗುಳ ಕಿವಿಗೆ ತಂಪಾಗಿ ಕೇಳಿತು.

ಕೆಳಗಿನ ಮನೆಯಲ್ಲಿ ಪಿಟೀಲು ಕಲಿಸುವ ಮೇಷ್ಟರೊಬ್ಬರಿದ್ದರು, ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು. ಮೂರು ಭಾನುವಾರದಿಂದ ಮೇಲಿನ ಮನೆಯ ನಗು, ಮಾತು ಕೇಳಿಸಿಕೊಂಡು ಅವರಿಗೆ ತಡೆಯಲಾಗಿರಲಿಲ್ಲ. ನಾಲ್ಕನೇ ಭಾನುವಾರ ಬಾಗಿಲು ತಟ್ಟಿ, “ಆ ಹೆಬ್ಬಾತು ಏನು ಮಾಡಿತು ಅಂತ ನನಗೂ ಸ್ವಲ್ಪ ಹೇಳ್ತೀರಾ?” ಎಂದು ಕೇಳಿದರು. ಆ ದಿನ ಹೆಬ್ಬಾತಿನ ಸಿನಿಮಾವನ್ನೇ ಮತ್ತೆ ಹಾಕಿದರು. ಮೇಷ್ಟರು ಎಷ್ಟು ನಕ್ಕರೆಂದರೆ, ಗಂಡನ ನಗು ಆ ದಿನ ಯಾರಿಗೂ ಕೇಳಿಸಲೇ ಇಲ್ಲ. ಮೇಷ್ಟರು ತಮ್ಮ ಗೆಳೆಯರಿಗೆ ಹೇಳಿದರು, ಗೆಳೆಯರು ಗ್ರಂಥಾಲಯದವರ ಬೆನ್ನುಬಿದ್ದರು. ಬೇಸಿಗೆಯ ಹೊತ್ತಿಗೆ, ತಿಂಗಳಿಗೊಮ್ಮೆ, ಗ್ರಂಥಾಲಯದ ಹಿಂದಿನ ಸಭಾಂಗಣದಲ್ಲಿ ಮೈಕಮ್ಮ ಸಿನಿಮಾ ಹೇಳತೊಡಗಿದಳು. ಕೇಳುವವರು ಒಮ್ಮೆ ಹನ್ನೆರಡು ಜನ, ಒಮ್ಮೆ ಇಪ್ಪತ್ತು. ಅತ್ತೆ ಮೊದಲ ಸಾಲಿನಲ್ಲಿ ಕೂತು, ತಡವಾಗಿ ಬಂದವರ ಹೆಜ್ಜೆ ಸದ್ದು ಕೇಳಿದರೆ, “ಬಲಕ್ಕೆ ಮೂರನೇ ಕುರ್ಚಿ ಖಾಲಿ ಇದೆ” ಎನ್ನುತ್ತಿದ್ದರು. ಅಷ್ಟರೊಳಗೆ ಅವರ ಕಿಟಕಿಯ ಬೆಳಕೂ ಹೋಗಿತ್ತು. ಯಾವ ಕುರ್ಚಿ ಕಿರುಗುಟ್ಟಿದೆ, ಯಾವುದು ಇಲ್ಲ ಎಂಬ ಲೆಕ್ಕ ಅವರ ಬಳಿ ಪಕ್ಕಾ ಇತ್ತು.

ಮುಂದಿನ ಡಿಸೆಂಬರಿನಲ್ಲಿ ಅಲ್ಲಿ ರೈಲಿನ ಸಿನಿಮಾ ಹಾಕಿದರು. ಮುಗಿದ ಮೇಲೆ ಪಿಟೀಲು ಮೇಷ್ಟರು ಕೈಯೆತ್ತಿದರು. “ತಂಗಿಯ ಕೋಟು ಯಾವ ಬಣ್ಣ?”

“ಕಪ್ಪು-ಬಿಳುಪು ಸಿನಿಮಾ ಮೇಷ್ಟ್ರೇ” ಎಂದಳು ಮೈಕಮ್ಮ. “ಪರದೆ ಮೇಲೆ ಬೂದು ಕಾಣುತ್ತೆ. ನಿಜವಾಗಿ ಯಾವ ಬಣ್ಣ ಅಂತ ನನಗೆ ಗೊತ್ತಿಲ್ಲ.”

“ನನಗೆ ಎಲ್ಲಾ ಬಣ್ಣನೂ ಒಂದೇ. ಆದ್ರೂ ಹಾಕ್ಕೊಂಡೋಳಿಗೆ ಒಂದು ಬಣ್ಣ ಇದ್ದೇ ಇರುತ್ತಲ್ಲ?”

“ನೀಲಿ” ಎಂದರು ಹಿಂದಿನ ಸಾಲಿನಿಂದ ಒಬ್ಬರು. “ಅಂಥ ಬಿಗಿ ಹೆಂಗಸು ನೀಲಿನೇ ಹಾಕೋದು.” ಹಸಿರು ಎಂದು ಇನ್ನಿಬ್ಬರು ಹಟ ಹಿಡಿದರು. ಅತ್ತೆ ಎದ್ದು ನಿಂತು, ಕೆಂಪು, ತಮ್ಮ ಥಿಯೇಟರಿನ ಪೋಸ್ಟರಿನಲ್ಲಿ ಕೆಂಪೇ ಇತ್ತು, ಅಂಟಿಸುವಾಗ ಗೋಂದು ಹಚ್ಚಿದವರು ತಾವೇ ಎಂದು ಘೋಷಿಸಿದರು. ಪೋಸ್ಟರು ಬರೆಯುವವರು ಮನಸ್ಸಿಗೆ ಬಂದ ಬಣ್ಣ ಬಳಿಯುತ್ತಾರೆಂದು ಹಸಿರಿನವರು ತಿರುಗಿಬಿದ್ದರು. ಗ್ರಂಥಪಾಲಕರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಾಗಲೂ ಹಸಿರಿನ ಪಕ್ಷದವರು ಸೋಲೊಪ್ಪಿರಲಿಲ್ಲ.